ಮೀನಿಗೆ ನೆನಪು ಬಂತಂತೆ, ಮಗನಿಗೂ ಕೊಡಬಹುದಾ?

ಪ್ರಶ್ನೆ: ಮೇಡಂ, ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮಗ ಎಸ್ಸೆಸ್ಸೆಲ್ಸಿ, ಪರೀಕ್ಷೆಗೆ ಇನ್ನು ಐದು ವಾರ ಇದೆ. ಪೇಟೆಯ ಅಂಗಡಿಯವರು ಒಂದು ಸಿರಪ್ ಕೊಟ್ಟರು. ಬ್ರಾಹ್ಮಿ, ಶಂಖಪುಷ್ಪಿ, ಬಜೆ ಹಾಕಿದ್ದಾರಂತೆ. ಡಬ್ಬದ ಮೇಲೆ ‘ನೆನಪಿನ ಶಕ್ತಿ ಹೆಚ್ಚುತ್ತದೆ, ಜೀಬ್ರಾಫಿಶ್ ಮೇಲೆ ಪರೀಕ್ಷಿಸಿ ಸಾಬೀತಾಗಿದೆ’ ಅಂತ ಇದೆ. ‘ಮೀನಿಗೂ ನಮಗೂ ಎಂಥ ಸಂಬಂಧ’ ಅಂತ ನಮ್ಮ ಅತ್ತೆ ನಗುತ್ತಾರೆ. ಆದರೆ ಒಂದೆಲಗ, ಬಜೆ ಎಲ್ಲ ಮನೆಯಲ್ಲಿ ಬಳಸುವುದನ್ನು ಕಲಿಸಿದ್ದೇ ಅವರು! ಇನ್ನೊಂದು ವಿಷಯ. ನನ್ನ ಮೈದುನನಿಗೆ ಫಿಟ್ಸ್ ಇದೆ, ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಾನೆ. ಈ ಸಿರಪ್ ಅವನಿಗೂ ಒಳ್ಳೆಯದು, ನಿಧಾನಕ್ಕೆ ಮಾತ್ರೆ ಬಿಡಬಹುದು ಅಂತ ಅಂಗಡಿಯವರು ಹೇಳಿದರು. ಮೀನಿನ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಉತ್ತರ: ಮೊದಲು ಮೈದುನನ ವಿಷಯ, ಅದು ಕಾಯುವಂಥದ್ದಲ್ಲ. ಫಿಟ್ಸ್ ಮಾತ್ರೆಯನ್ನು ಅಂಗಡಿಯವರ ಮಾತು ಕೇಳಿ ಬಿಡುವುದು ಬೇಡ, ಕಡಿಮೆ ಮಾಡುವುದೂ ಬೇಡ. ಮಾತ್ರೆ ತಪ್ಪಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಮಾತ್ರೆಯ ಜೊತೆಗೆ ಈ ಸಿರಪ್ ಕುಡಿಯುವುದೂ ಬೇಡ. ಅದಕ್ಕೆ ಗಟ್ಟಿ ಕಾರಣ ಇದೆ, ಆಮೇಲೆ ಹೇಳುತ್ತೇನೆ. ಈಗಾಗಲೇ ಕುಡಿಯಲು ಶುರು ಮಾಡಿದ್ದರೆ ಇವತ್ತೇ ಅವನ ಡಾಕ್ಟರಿಗೆ ತಿಳಿಸಿ.

ಇನ್ನು ಅತ್ತೆಯವರ ನಗು. ಅವರ ಮಾತು ಅರ್ಧ ಸರಿ. ಉಳಿದರ್ಧಕ್ಕೆ ನಾನು ವಕಾಲತ್ತು ಹಾಕಲೇಬೇಕು. ಇಪ್ಪತ್ತು ವರ್ಷದಿಂದ ಈ ಮೀನನ್ನು ಸಾಕಿಕೊಂಡು, ಅದರ ಮೆದುಳನ್ನೇ ನೋಡಿಕೊಂಡು ಹೊಟ್ಟೆ ಹೊರೆಯುತ್ತಿರುವವಳು ನಾನು.

ಜೀಬ್ರಾಫಿಶ್ ಅಂದರೆ ಮೂರು ನಾಲ್ಕು ಸೆಂಟಿಮೀಟರ್ ಉದ್ದದ, ಮೈಮೇಲೆ ನೀಲಿ ಪಟ್ಟೆ ಇರುವ ಮೀನು. ಅಕ್ವೇರಿಯಂ ಅಂಗಡಿಯಲ್ಲಿ ನೀವೂ ನೋಡಿರುತ್ತೀರಿ. ಹೆಸರು ಇಂಗ್ಲಿಷಿನದಾದರೂ ಮೀನು ನಮ್ಮ ಕಡೆಯದೇ. ಭಾರತ, ನೇಪಾಳ, ಬಾಂಗ್ಲಾದೇಶದ ಸಣ್ಣ ತೊರೆಗಳಲ್ಲಿ, ಗದ್ದೆ ನೀರಿನಲ್ಲಿ ಓಡಾಡಿಕೊಂಡಿರುತ್ತದೆ. ಇದನ್ನು ಮೊದಲು ವಿಜ್ಞಾನದ ಲೆಕ್ಕಕ್ಕೆ ತಂದವನು ಫ್ರಾನ್ಸಿಸ್ ಬುಕಾನನ್. ಹೌದು, ಅದೇ ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಹುಕುಂ ಹಿಡಿದು ಮೈಸೂರು ಸೀಮೆ, ಕೆನರಾ ಎಲ್ಲ ಸುತ್ತಿ, ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಏನು ಮಾರುತ್ತಾರೆ ಅಂತ ಬರೆದುಕೊಂಡು ಹೋದವನು. ನಿಮ್ಮ ಸೋಂದಾ ಕಡೆಗೂ ಬಂದಿದ್ದ. ಆಮೇಲೆ ಹೆಸರನ್ನು ಹ್ಯಾಮಿಲ್ಟನ್ ಅಂತ ಬದಲಿಸಿಕೊಂಡ. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬರೆದಾಗ ಈ ಪುಟಾಣಿಯೂ ಅದರಲ್ಲಿ ಸೇರಿತು.

ಲ್ಯಾಬಿಗೆ ಬಂದಿದ್ದು ತುಂಬಾ ತಡವಾಗಿ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅನ್ನುವವರಿಗೆ ಬೆನ್ನುಮೂಳೆ ಇರುವ, ಸಾಕಲು ಸುಲಭವಾದ, ಬೇಗ ಮರಿ ಮಾಡುವ ಒಂದು ಪ್ರಾಣಿ ಬೇಕಿತ್ತು. ಅವರು ಈ ಮೀನನ್ನು ಹಿಡಿದುಕೊಂಡರು. 1981ರಲ್ಲಿ ಅವರ ಲೇಖನ ಬಂದ ಮೇಲೆ ಉಳಿದವರೂ ತಿರುಗಿ ನೋಡಿದರು. ಈಗ ಬೆಂಗಳೂರಿನ ಎನ್‌ಸಿಬಿಎಸ್, ಹೈದರಾಬಾದಿನ ಸಿಸಿಎಂಬಿಯಂಥ ಜೀವವಿಜ್ಞಾನ ಸಂಸ್ಥೆಗಳಲ್ಲಿ, ಎಲ್ಲ ಕಡೆ ಇದರ ತೊಟ್ಟಿಗಳಿವೆ.

ಯಾಕೆ ಇಷ್ಟು ಪ್ರೀತಿ ಅಂದರೆ, ಮೊಟ್ಟೆ. ಸಂಜೆ ಗಂಡು ಹೆಣ್ಣನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟು ನಡುವೆ ತಡೆ ಇಡುತ್ತೇವೆ. ಬೆಳಿಗ್ಗೆ ಲೈಟ್ ಹಾಕಿ ತಡೆ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೂರರಷ್ಟು ಮೊಟ್ಟೆ. ತಳದಲ್ಲಿ ಜಾಲರಿ ಇರಬೇಕು, ಇಲ್ಲದಿದ್ದರೆ ಹೆತ್ತವರೇ ತಿಂದು ಮುಗಿಸುತ್ತವೆ. ಆ ಮೊಟ್ಟೆಯನ್ನು ಟೀ ಸೋಸುವ ಜರಡಿಯಲ್ಲೇ ಸೋಸುತ್ತೇವೆ, ಅಷ್ಟು ದೊಡ್ಡ ವಿಜ್ಞಾನವೇನೂ ಇಲ್ಲ. ನೀರಿನ ಬಿಸಿ 28.5 ಡಿಗ್ರಿ ಇದ್ದರೆ ಒಂದೇ ದಿನದಲ್ಲಿ ಹೃದಯ ಬಡಿಯಲು ಶುರುವಾಗುತ್ತದೆ. ಮೂರನೇ ದಿನದ ಹೊತ್ತಿಗೆ ಮರಿ ಹೊರಗೆ. ಐದನೇ ದಿನ ಈಜುತ್ತಾ ಬೇಟೆಗೆ ಹೊರಡುತ್ತದೆ. ಅಷ್ಟೂ ದಿನ ಮೈ ಗಾಜಿನ ಹಾಗೆ. ಕೊಯ್ಯುವುದು ಬೇಡ, ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಜೀವಂತ ಮೆದುಳು ಕಾಣುತ್ತದೆ.

ಆ ಮರಿಯ ಮೆದುಳಿನಲ್ಲಿ ನರಕೋಶಗಳು ಸುಮಾರು 1 ಲಕ್ಷ. ನಮ್ಮಲ್ಲಿ ಸುಮಾರು 8,600 ಕೋಟಿ. ಅತ್ತೆಯವರು ನಗುವುದು ಇಲ್ಲೇ. ಆದರೆ 1 ಲಕ್ಷ ಇರುವುದೇ ನಮಗೆ ಅನುಕೂಲ. 2013ರಲ್ಲಿ ಅಮೆರಿಕದ ಜನೇಲಿಯಾ ಸಂಶೋಧನಾ ಕೇಂದ್ರದವರು ಈ ಮರಿಯ ಹೆಚ್ಚುಕಡಿಮೆ ಇಡೀ ಮೆದುಳು ಕೆಲಸ ಮಾಡುವುದನ್ನು ಕೋಶ ಕೋಶವಾಗಿ ವಿಡಿಯೊ ಮಾಡಿದರು. ಕೋಶ ಚುರುಕಾದಾಗ ಹೊಳೆಯುವಂತೆ ಮಾಡಿದ ಮರಿಗಳವು. ಕತ್ತಲ ತೋಟದಲ್ಲಿ ಮಿಂಚುಹುಳ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಮನುಷ್ಯರಲ್ಲಿ ಇದು ಸಾಧ್ಯವೇ ಇಲ್ಲ. ಇಲಿಯಲ್ಲೂ ಒಂದು ಮೂಲೆ ಮಾತ್ರ ನೋಡಲು ಆಗುತ್ತದೆ.

ಮೆದುಳು ಚಿಕ್ಕದು, ಆದರೆ ಅಲ್ಲಿ ಓಡಾಡುವ ರಾಸಾಯನಿಕಗಳು ನಮ್ಮವೇ: ಡೋಪಮಿನ್, ಸೆರೊಟೋನಿನ್, ಗ್ಲುಟಮೇಟ್, ಗಾಬಾ. ಹೆದರಿದಾಗ ನಮ್ಮಲ್ಲಿ ಕಾರ್ಟಿಸೋಲ್ ಏರುತ್ತದೆ, ಮೀನಿನಲ್ಲೂ ಅದೇ. ಇಲಿಯಲ್ಲಿ ಮುಖ್ಯವಾಗಿ ಬೇರೆ ಹಾರ್ಮೋನ್! 2013ರಲ್ಲಿ ಈ ಮೀನಿನ ಪೂರ್ತಿ ಜೀನ್ ಪಟ್ಟಿ ಪ್ರಕಟವಾಯಿತು. ಮನುಷ್ಯರ ಜೀನ್‌ಗಳಲ್ಲಿ ನೂರಕ್ಕೆ 70ಕ್ಕೆ ಮೀನಿನಲ್ಲಿ ಜೊತೆಗಾರ ಜೀನ್ ಇದೆ ಅಂತ ಗೊತ್ತಾಯಿತು. ಹೊಸ ತೊಟ್ಟಿಗೆ ಬಿಟ್ಟರೆ ದೊಡ್ಡ ಮೀನು ಮೊದಲು ತಳದಲ್ಲಿ ಅಡಗುತ್ತದೆ. ಧೈರ್ಯ ಬಂದ ಮೇಲೆ ಮೇಲಕ್ಕೆ ಬರುತ್ತದೆ. ಆತಂಕ ಇಳಿಸುವ ಔಷಧ ಕೊಟ್ಟರೆ ಬೇಗ ಮೇಲಕ್ಕೆ ಬರುತ್ತದೆ. ನೆಂಟರ ಮನೆಗೆ ಹೋದ ಮಗು ಅಮ್ಮನ ಸೆರಗಿನ ಹಿಂದೆ ನಿಂತು ಆಮೇಲೆ ಆಟಕ್ಕೆ ಇಳಿದ ಹಾಗೇ, ಅಲ್ವಾ?

ಈಗ ಗಿಡಮೂಲಿಕೆಗೆ ಬರೋಣ. ಈ ಮೀನಿನಿಂದ ನಾಟಿ ಔಷಧದ ಬಗ್ಗೆ ನಿಜವಾಗಿ ಏನು ಕಲಿಯಬಹುದು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅರಿಶಿನ.

ದಕ್ಷಿಣ ಏಷ್ಯಾದ ಮನೆಮದ್ದಿನಲ್ಲಿ ಅರಿಶಿನವನ್ನು ಫಿಟ್ಸ್‌ಗೂ ಬಳಸುತ್ತಾರೆ. ಅರಿಶಿನ ಅಂದ ಕೂಡಲೇ ವಿಜ್ಞಾನಿಗಳೆಲ್ಲ ಕರ್ಕ್ಯುಮಿನ್ ಹಿಂದೆ ಬೀಳುತ್ತಾರೆ. ಅದು ಅರಿಶಿನದ ಹಳದಿ ಬಣ್ಣ. ತೊಂದರೆ ಏನೆಂದರೆ, ಕರ್ಕ್ಯುಮಿನ್ ನುಂಗಿದರೆ ಮೈಗೆ ಸೇರುವುದು ಬಹಳ ಕಡಿಮೆ, ಸೇರಿದ್ದೂ ಬೇಗ ಕರಗಿ ಹೋಗುತ್ತದೆ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡವೊಂದು ಬೇರೆ ದಾರಿ ಹಿಡಿಯಿತು. ‘ಯಾವುದು ಕೆಲಸ ಮಾಡುತ್ತದೆ ಅಂತ ನಾವು ಊಹೆ ಮಾಡುವುದು ಬೇಡ, ಮೀನೇ ತೋರಿಸಲಿ’ ಅನ್ನುವ ದಾರಿ.

ಹೇಗೆ ಅಂದರೆ, ಚೆನ್ನೆಮಣೆ ನೆನಪಿಸಿಕೊಳ್ಳಿ. ನಮ್ಮಲ್ಲಿ ಅದರ ಪುಟಾಣಿ ರೂಪದ ಪ್ಲಾಸ್ಟಿಕ್ ಪ್ಲೇಟ್ ಇದೆ, ಗುಳಿ ಮಾತ್ರ 96. ಒಂದೊಂದು ಗುಳಿಯಲ್ಲಿ ಒಂದೊಂದು ಮರಿ, ಕೆಲವು ಹನಿ ನೀರು. ಅದಕ್ಕೆ ಪೆಂಟಿಲೀನ್‌ಟೆಟ್ರಜೋಲ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಅದು ಗಾಬಾದ ಕೆಲಸಕ್ಕೆ ಅಡ್ಡ ಬರುತ್ತದೆ. ಗಾಬಾ ಅಂದರೆ ಮೆದುಳಿನ ಬ್ರೇಕು. ಬ್ರೇಕು ಹೋದ ಮರಿ ಮೊದಲು ಹುಚ್ಚಾಪಟ್ಟೆ ಈಜುತ್ತದೆ, ಆಮೇಲೆ ಸುಳಿಯ ಹಾಗೆ ಗಿರಗಿರ ಸುತ್ತುತ್ತದೆ, ಕೊನೆಗೆ ಸೆಟೆದು ಪಕ್ಕಕ್ಕೆ ಬೀಳುತ್ತದೆ. ಅಮೆರಿಕದ ಸ್ಕಾಟ್ ಬರಬಾನ್ ಮತ್ತು ಜೊತೆಯವರು 2005ರಲ್ಲಿ ತೋರಿಸಿಕೊಟ್ಟ ಹಾಗೆ, ಆಗ ಮೆದುಳಿನ ವಿದ್ಯುತ್ತನ್ನು ಅಳೆದರೆ ಫಿಟ್ಸ್‌ನ ಗೆರೆಗಳೇ ಕಾಣುತ್ತವೆ. ಮನುಷ್ಯರ ಫಿಟ್ಸ್ ಔಷಧ ಹಾಕಿದರೆ ಮೀನಿನಲ್ಲೂ ಇಳಿಯುತ್ತವೆ. ಅಷ್ಟಾದರೆ ಪರೀಕ್ಷೆಗೆ ಒಂದು ನೆಲೆ ಸಿಕ್ಕಿತು.

ಲ್ಯೂವೆನ್ ತಂಡ ಅರಿಶಿನದ ಸಾರ ತೆಗೆದು ಮರಿಗಳಿಗೆ ಕೊಟ್ಟಿತು. ಫಿಟ್ಸ್ ಕಡಿಮೆಯಾಯಿತು. ಕರ್ಕ್ಯುಮಿನ್ ಒಂದನ್ನೇ ಕೊಟ್ಟು ನೋಡಿದರೆ ಆ ಲೆಕ್ಕ ಪೂರ್ತಿ ಹೊಂದಲಿಲ್ಲ. ಹಾಗಾದರೆ ಇನ್ನೇನೋ ಇದೆ. ಸಾರವನ್ನು ಭಾಗ ಭಾಗ ಮಾಡಿದರು, ಪ್ರತಿ ಭಾಗವನ್ನೂ ಮರಿಗೆ ಕೊಟ್ಟರು. ಕೆಲಸ ಮಾಡಿದ ಭಾಗವನ್ನು ಮತ್ತೆ ಒಡೆದರು, ಮತ್ತೆ ಕೊಟ್ಟರು. ಮೊರದಲ್ಲಿ ಅಕ್ಕಿ ಕೇರಿ ಕೇರಿ ಕಲ್ಲು ಬೇರೆ ಮಾಡುವ ಹಾಗೆ. ಕೊನೆಗೆ ಸಿಕ್ಕಿದ್ದು ಅರಿಶಿನದ ಎಣ್ಣೆಯ ಅಂಶಗಳು, ಟರ್ಮರೋನ್ ಜಾತಿಯವು. ಕೊಂಬು ಬೇಯಿಸುವಾಗ ಅಂಗಳ ತುಂಬಾ ಘಮ್ಮೆನ್ನುತ್ತದಲ್ಲ, ಆ ವಾಸನೆಯಲ್ಲಿ ಇರುವವು! ಎಲ್ಲರೂ ಬಣ್ಣವನ್ನು ಹುಡುಕುತ್ತಿದ್ದಾಗ ಮೀನು ಘಮದ ಕಡೆ ಕೈ ತೋರಿಸಿತು. 2012ರಲ್ಲಿ ಪ್ರಕಟವಾದ ಈ ಲೇಖನದಲ್ಲಿ ಇಲಿಗಳಲ್ಲೂ ಅದೇ ಫಲ ಕಂಡಿತ್ತು. ಮರುವರ್ಷ ಆ ಅಂಶಗಳಲ್ಲಿ ಆರ್-ಟರ್ಮರೋನ್ ಅನ್ನುವ ಒಂದನ್ನೇ ತೆಗೆದುಕೊಂಡು ನೋಡಿದರು. ಚುಚ್ಚಿದ 15 ನಿಮಿಷಕ್ಕೆ ಅದು ಇಲಿಯ ಮೆದುಳಿನಲ್ಲಿತ್ತು, 24 ಗಂಟೆಯ ನಂತರವೂ ಇತ್ತು. ಇಲಿಯ ನಡಿಗೆ ತಪ್ಪಲಿಲ್ಲ.

ಈ ಕೆಲಸವನ್ನು ಇಲಿಯಲ್ಲೇ ಶುರು ಮಾಡಿದ್ದರೆ ಪ್ರತಿ ಭಾಗಕ್ಕೂ ಎಷ್ಟೊಂದು ಸಾರ ಬೇಕಾಗುತ್ತಿತ್ತು. ಹತ್ತಾರು ಭಾಗ, ನೂರಾರು ಇಲಿ. ಮೀನಿನ ಮರಿಗೆ ಸೂಜಿಮೊನೆಯಷ್ಟಿದ್ದರೆ ಸಾಕು. ಅದೇ ದಾರಿಯಲ್ಲಿ ಫಿಲಿಪೀನ್ಸಿನ ನಾಟಿ ಮದ್ದಿನ ಸುಂಡೆ ಗಿಡದಲ್ಲಿ, ಚೀನಾದ ಮದ್ದಿನ ಮ್ಯಾಗ್ನೋಲಿಯಾ ತೊಗಟೆಯಲ್ಲಿ ಫಿಟ್ಸ್ ತಗ್ಗಿಸುವ ಅಂಶಗಳು ಸಿಕ್ಕಿವೆ. ನಾಟಿ ಮದ್ದಿನಲ್ಲಿ ಮೆದುಳಿಗೆ ನಾಟುವ ಅಂಶ ಇರಬಹುದು ಅನ್ನುವುದು ಹೊಸ ಮಾತೇನಲ್ಲ. ಸರ್ಪಗಂಧ ಹುಚ್ಚಿಗೂ ರಕ್ತದೊತ್ತಡಕ್ಕೂ ಆಗುತ್ತದೆ ಅಂತ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದರೊಳಗಿನ ರೆಸರ್ಪಿನ್ ಬೇರೆ ಮಾಡಿ ತೆಗೆಯಲು 1952 ಬರಬೇಕಾಯಿತು, ಅದೂ ಸ್ವಿಟ್ಜರ್ಲೆಂಡಿನಲ್ಲಿ. ಆ ರೆಸರ್ಪಿನ್‌ನಿಂದ ಕೆಲವರಿಗೆ ಖಿನ್ನತೆ ಹಿಡಿಯುತ್ತದೆ ಅನ್ನುವುದೂ ಆಮೇಲೆ ಗೊತ್ತಾಯಿತು. ಬೇರು ಸೌಮ್ಯ, ಮಾತ್ರೆ ಮಾತ್ರ ಉಗ್ರ ಅಂತ ಯಾರಾದರೂ ಅಂದರೆ ನನಗೆ ಸರ್ಪಗಂಧ ನೆನಪಾಗುತ್ತದೆ.

ಇಷ್ಟು ವಕಾಲತ್ತು ಸಾಕು. ಈಗ ಅತ್ತೆಯವರ ಪಕ್ಷ.

ಸುಮಾರು ಹದಿನೈದು ವರ್ಷದ ಹಿಂದೆ ನಾನೇ ಮಾಡಿಕೊಂಡ ಎಡವಟ್ಟು ಹೇಳುತ್ತೇನೆ. ನಿದ್ದೆಗೆ ಕೊಡುವ ಒಂದು ಕಷಾಯವನ್ನು ಮರಿಗಳ ಮೇಲೆ ನೋಡುತ್ತಿದ್ದೆ. ಲೈಟ್ ಆರಿಸಿದ ಕೂಡಲೇ ಮರಿಗಳು ಗಡಬಡಿಸಿ ಈಜುತ್ತವೆ. ಅದನ್ನು ಕ್ಯಾಮೆರಾ ಅಳೆಯುತ್ತದೆ. ಕಷಾಯ ಹಾಕಿದ ಗುಳಿಗಳಲ್ಲಿ ಮರಿಗಳು ತಣ್ಣಗಿದ್ದವು. ನನಗೆ ಖುಷಿಯೋ ಖುಷಿ. ಎರಡು ವಾರ ಅದೇ ಗುಂಗು. ಆಮೇಲೆ ಒಬ್ಬ ವಿದ್ಯಾರ್ಥಿ, ‘ಮೇಡಂ, ಈ ನೀರು ಡಿಕಾಕ್ಷನ್ ಥರ ಇದೆಯಲ್ಲ, ಇದಕ್ಕೆ ಲೈಟ್ ಇದ್ದರೂ ಒಂದೇ ಹೋದರೂ ಒಂದೇ ಅಲ್ವಾ’ ಅಂದ. ನೀರಿನ ಹುಳಿ ಅಳೆದರೆ ಅದೂ ಏರಿತ್ತು. ಹುಳಿ ಸರಿ ಮಾಡಿ, ಬಣ್ಣ ತೆಗೆದು ಮತ್ತೆ ಮಾಡಿದೆ. ನಿದ್ದೆಯೂ ಇಲ್ಲ, ಗಿದ್ದೆಯೂ ಇಲ್ಲ. ಆ ಲೇಖನ ಬರೆಯಲೇ ಇಲ್ಲ.

ಗಿಡಮೂಲಿಕೆಯ ಜೊತೆ ಇದೇ ಪೇಚು. ಶುದ್ಧ ರಾಸಾಯನಿಕ ಆದರೆ ಏನು ಹಾಕಿದ್ದೇವೆ ಅಂತ ಗೊತ್ತಿರುತ್ತದೆ. ಕಷಾಯದಲ್ಲಿ ನೂರಾರು ವಸ್ತು. ಒಗರು ಬೇರೆ, ನೊರೆ ಬೇರೆ. ನಿಮ್ಮ ಕಡೆಯ ಹಿರಿಯರನ್ನು ಕೇಳಿ ನೋಡಿ, ಬೇಸಿಗೆಯಲ್ಲಿ ಹಳ್ಳದ ಗುಂಡಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುವುದು ಗೊತ್ತಿರುತ್ತದೆ. ಅಂಟುವಾಳದ ನೊರೆಯೂ ಮೀನಿಗೆ ಆಗಿಬರುವುದಿಲ್ಲ. ಆ ನೊರೆಯ ವಸ್ತು ಮೀನಿನ ಕಿವಿರಿಗೆ ನೇರವಾಗಿ ತಗಲುತ್ತದೆ. ಮೀನು ಉಸಿರು ಕಟ್ಟಿ ತೇಲುತ್ತದೆ. ಆದರೆ ಆ ಮೀನು ತಿಂದವರಿಗೆ ಏನೂ ಆಗುವುದಿಲ್ಲ, ಯಾಕೆಂದರೆ ನಮ್ಮ ಕರುಳು ಅದನ್ನು ಅಷ್ಟಾಗಿ ಹೀರುವುದಿಲ್ಲ. ಅಂದರೆ ತೊಟ್ಟಿಯಲ್ಲಿ ಮೀನು ಸುಮ್ನಾಯಿತು ಅಂದ ಮಾತ್ರಕ್ಕೆ ಅದರ ಮನಸ್ಸು ಶಾಂತವಾಯಿತು ಅಂತಲ್ಲ. ಉಸಿರಿಗೆ ಕಷ್ಟ ಆಗಿರಬಹುದು. ಒಳ್ಳೆಯ ಲ್ಯಾಬಿನವರು ಹೃದಯ ಬಡಿತ ಎಣಿಸುತ್ತಾರೆ, ಮುಟ್ಟಿದರೆ ಓಡುತ್ತದೋ ನೋಡುತ್ತಾರೆ, ಬೇರೆ ನೀರಿಗೆ ಬಿಟ್ಟರೆ ಮೊದಲಿನಂತೆ ಆಗುತ್ತದೋ ಪರೀಕ್ಷಿಸುತ್ತಾರೆ. ಎಲ್ಲರೂ ಅಷ್ಟು ತಾಳ್ಮೆಯಿಂದ ಮಾಡುವುದಿಲ್ಲ.

ನಿಮ್ಮ ಡಬ್ಬದ ಮೇಲಿನ ‘ನೆನಪಿನ ಶಕ್ತಿ’ಗೆ ಬರುತ್ತೇನೆ. ಮೀನಿಗೆ ಕ್ಷಣ ಮಾತ್ರದ ನೆನಪು ಅನ್ನುವುದೆಲ್ಲ ಸುಳ್ಳು. ಯಾವ ಬಣ್ಣದ ಕವಲಿನಲ್ಲಿ ಊಟ ಸಿಗುತ್ತದೆ ಅಂತ ಕಲಿಸಿದರೆ ದಿನಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ನೆನಪಿನ ಔಷಧ ಪರೀಕ್ಷಿಸುವಾಗ ಸಾಮಾನ್ಯವಾಗಿ ಮೊದಲು ಮೀನಿಗೆ ಮರೆವು ಬರಿಸುತ್ತಾರೆ. ಅದಕ್ಕೆ ಬಳಸುವುದು ಸ್ಕೋಪೊಲಮಿನ್, ನಮ್ಮ ಉಮ್ಮತ್ತದ ಗಿಡದಲ್ಲೂ ಇರುವ ವಿಷ. ಉಮ್ಮತ್ತ ತಿಂದವರು ಅಮಲೇರಿ ಏನೇನೋ ಮಾತಾಡುವುದು ಕೇಳಿದ್ದೀರಲ್ಲ, ಅದರ ಪುಟ್ಟ ಪ್ರಮಾಣ ಅಂದುಕೊಳ್ಳಿ. ಆಮೇಲೆ ಮೂಲಿಕೆ ಕೊಟ್ಟು, ಮರೆವು ಎಷ್ಟು ಕಡಿಮೆಯಾಯಿತು ಅಂತ ನೋಡುತ್ತಾರೆ. ಇದು ಒಳ್ಳೆಯ ಪ್ರಯೋಗವೇ. ಆದರೆ ಅದು ಉತ್ತರಿಸುವ ಪ್ರಶ್ನೆ, ‘ವಿಷದಿಂದ ಮಂಕಾದ ಮೀನು ಚೇತರಿಸಿಕೊಂಡಿತಾ’ ಅನ್ನುವುದು. ನಿಮ್ಮ ಪ್ರಶ್ನೆ ಅದಲ್ಲ. ನಿಮ್ಮ ಮಗ ಉಮ್ಮತ್ತ ತಿಂದಿಲ್ಲ, ಪಾಪ, ಗಣಿತ ಓದುತ್ತಿದ್ದಾನೆ.

ಇನ್ನೊಂದು ಜಾಹೀರಾತಿನ ಮಾತು ‘ನರಗಳನ್ನು ಮತ್ತೆ ಬೆಳೆಸುತ್ತದೆ’. ಅದನ್ನೂ ಮೀನಿನ ಹೆಸರಿನಲ್ಲಿ ಹೇಳುವವರಿದ್ದಾರೆ. ದೊಡ್ಡ ಜೀಬ್ರಾಫಿಶ್‌ಗೆ ಮೆದುಳಿಗೆ ಗಾಯವಾದರೆ ಯಾವ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ ಹೊಸ ನರಕೋಶ ಬೆಳೆಸಿಕೊಳ್ಳುತ್ತದೆ! ನಮಗೆ ಆ ಭಾಗ್ಯ ಇಲ್ಲ. ಹಾಗಾಗಿ ಈ ಒಂದು ವಿಷಯದಲ್ಲಿ ಮೀನಿನ ಸಾಕ್ಷಿ ನಮಗೆ ನಡೆಯುವುದಿಲ್ಲ. ನಮ್ಮ ಹಾಗೆ ಮಡಿಕೆ ಮಡಿಕೆಯಾದ ಮೇಲ್ಪದರವೂ ಅದರ ಮೆದುಳಿಗೆ ಇಲ್ಲ.

ಅದಿರಲಿ, ಡಬ್ಬದೊಳಗೆ ಏನಿದೆ? ‘ಬ್ರಾಹ್ಮಿ’ ಅಂದರೆ ನಮ್ಮ ಮನೆಗಳಲ್ಲಿ ಒಂದೆಲಗ, ತಂಬುಳಿ ಮಾಡುವ ಅದೇ ಎಲೆ. ಬಹಳಷ್ಟು ಸಂಶೋಧನೆ ನಡೆದಿರುವುದು ನೀರು ಬ್ರಾಹ್ಮಿಯ ಮೇಲೆ. ಇವೆರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿನ ವಸ್ತುವೂ ಬೇರೆ. ಶಂಖಪುಷ್ಪಿಯ ಕಥೆ ಇನ್ನೂ ಗೋಜಲು. ಒಬ್ಬರು ವಿಷ್ಣುಕ್ರಾಂತಿಯನ್ನು ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಶಂಖಪುಷ್ಪ ಅಂದರೆ ಬೇಲಿಯ ಮೇಲಿನ ನೀಲಿ ಹೂವಿನ ಬಳ್ಳಿ. ಉತ್ತರದವರು ಇನ್ನೊಂದು ಗಿಡ ಕೊಡುತ್ತಾರೆ. ಮೀನಿಗೆ ಹಾಕಿದ್ದು ಯಾವುದು, ಸಿರಪ್‌ನಲ್ಲಿ ಇರುವುದು ಯಾವುದು? ಡಬ್ಬದ ಮೇಲೆ ಸಸ್ಯಶಾಸ್ತ್ರದ ಹೆಸರು ಇದ್ದರೆ ಓದಿ ನೋಡಿ. ಜೊತೆಗೆ, ಪರೀಕ್ಷೆ ಮಾಡಿದ್ದು ಈ ಸಿರಪ್ಪನ್ನೋ, ಅದರಲ್ಲಿರುವ ಒಂದು ಗಿಡವನ್ನೋ, ಆ ಗಿಡದಿಂದ ತೆಗೆದ ಒಂದು ರಾಸಾಯನಿಕವನ್ನೋ ಅಂತ ಕಂಪನಿಗೆ ಬರೆದು ಕೇಳಿ. ನನ್ನ ಅನುಭವದಲ್ಲಿ ಸಾಮಾನ್ಯವಾಗಿ ಮೂರನೆಯದು. ಒಂದು ಮರಿ ಇಡೀ ದಿನ ಔಷಧದ ನೀರಿನಲ್ಲೇ ಮುಳುಗಿರುತ್ತದೆ, ಚರ್ಮದಿಂದಲೂ ಕಿವಿರಿನಿಂದಲೂ ಹೀರುತ್ತದೆ. ನಾವು ಒಂದು ಚಮಚ ನುಂಗುತ್ತೇವೆ, ಅದು ಹೊಟ್ಟೆ, ಕರುಳು, ಪಿತ್ತಜನಕಾಂಗ ದಾಟಿ ಮೆದುಳಿಗೆ ಹೋಗಬೇಕು. ಆ ನೀರಿನ ಪ್ರಮಾಣವನ್ನು ಚಮಚದ ಲೆಕ್ಕಕ್ಕೆ ತಿರುಗಿಸಲು ಸುಲಭ ಸೂತ್ರ ಇಲ್ಲ.

ಬಜೆ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಎಳೆ ಮಗುವಿಗೆ ಸಾಣೆಕಲ್ಲಿನ ಮೇಲೆ ಬಜೆ ತೇಯ್ದು ನೆಕ್ಕಿಸುವುದನ್ನು ನಾನೂ ನೋಡಿ ಬೆಳೆದವಳು. ನನಗೂ ನೆಕ್ಕಿಸಿದ್ದಾರೆ. ಬಜೆಯ ಎಣ್ಣೆಯಲ್ಲಿ ಬೀಟಾ-ಅಸರೋನ್ ಅನ್ನುವ ವಸ್ತು ಇದೆ. ಇಲಿಗಳಿಗೆ ಬಜೆ ಎಣ್ಣೆಯನ್ನು ದೀರ್ಘಕಾಲ ತಿನ್ನಿಸಿದಾಗ ಗಡ್ಡೆ ಬೆಳೆದವು. ಅಮೆರಿಕ 1968ರಲ್ಲೇ ಬಜೆಯನ್ನು ತಿನ್ನುವ ಪದಾರ್ಥಗಳಲ್ಲಿ ಹಾಕಬಾರದು ಅಂತ ಮಾಡಿತು. ಬಜೆಯಲ್ಲೂ ತಳಿಗಳಿವೆ. ಅಮೆರಿಕದ ತಳಿಯಲ್ಲಿ ಈ ವಸ್ತು ಇಲ್ಲ, ಏಷ್ಯಾದ ಕೆಲವು ತಳಿಗಳಲ್ಲಿ ತುಂಬಾ ಜಾಸ್ತಿ. ತೇಯ್ದು ನೆಕ್ಕಿಸಿದ ಒಂದೆರಡು ಸುತ್ತಿನ ಗಂಧಕ್ಕೆ ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಆದರೆ ದಿನಾ ಎರಡು ಚಮಚ, ತಿಂಗಳುಗಟ್ಟಲೆ, ಎಷ್ಟು ಬಜೆ ಇದೆ ಅಂತ ಗೊತ್ತಿಲ್ಲದ ಸಿರಪ್ ಅಂದರೆ ನನಗೆ ಸಮಾಧಾನ ಇಲ್ಲ.

ಇಲ್ಲಿ ಮೀನಿನ ಒಂದು ಗುಣ, ಒಂದು ದೋಷ ಎರಡೂ ಕಾಣುತ್ತವೆ. ತಕ್ಷಣದ ಕೇಡನ್ನು ಅದು ಚೆನ್ನಾಗಿ ತೋರಿಸುತ್ತದೆ. ಥಾಲಿಡೊಮೈಡ್ ಗೊತ್ತಲ್ಲ? 1950ರ ದಶಕದ ಕೊನೆಯಲ್ಲಿ ನಿದ್ದೆ ಔಷಧವಾಗಿ ಬಂದು, ಬಸುರಿಯರು ತಿಂದು, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದಕ್ಕೆ ಕಾರಣವಾದದ್ದು. ಅದು ದೇಹದಲ್ಲಿ ಯಾವ ಪ್ರೋಟೀನಿಗೆ ಹೋಗಿ ಅಂಟಿಕೊಳ್ಳುತ್ತದೆ ಅಂತ ಜಪಾನಿನವರು 2010ರಲ್ಲಿ ಪತ್ತೆ ಮಾಡಿದಾಗ ಜೀಬ್ರಾಫಿಶ್ ಮರಿಗಳೇ ನೆರವಿಗೆ ಬಂದವು. ಕೈಯ ಜಾಗದಲ್ಲಿ ಅವುಗಳ ರೆಕ್ಕೆ ಮುರುಟಿತ್ತು. ಆದರೆ ಬಜೆಯಂಥ ನಿಧಾನದ ಕೇಡು ಐದು ದಿನದ ಪರೀಕ್ಷೆಯಲ್ಲಿ ಎಲ್ಲಿ ಕಾಣಬೇಕು? ‘ಮೀನಿಗೆ ಏನೂ ಆಗಲಿಲ್ಲ, ಆದ್ದರಿಂದ ಸುರಕ್ಷಿತ’ ಅನ್ನುವ ಮಾತು ಕಂಡರೆ ಐದು ದಿನಕ್ಕೆ ಸುರಕ್ಷಿತ ಅಂತ ಓದಿಕೊಳ್ಳಿ.

ಈಗ ಮಗ. ನೀರು ಬ್ರಾಹ್ಮಿಯ ವಿಷಯದಲ್ಲಿ ಮೀನನ್ನು ಬಿಟ್ಟು ಮನುಷ್ಯರ ಮೇಲೆ ಮಾಡಿದ ಪರೀಕ್ಷೆಗಳೇ ಇವೆ. 2001ರಲ್ಲಿ ಆಸ್ಟ್ರೇಲಿಯಾದವರು ಪ್ರಕಟಿಸಿದ್ದು ಒಂದು. ಆರೋಗ್ಯವಾಗಿದ್ದ 46 ಜನ ದೊಡ್ಡವರು. ಅರ್ಧ ಜನಕ್ಕೆ ದಿನಕ್ಕೆ 300 ಮಿಲಿಗ್ರಾಂ ಸಾರ, ಉಳಿದವರಿಗೆ ಬರೀ ಹುಸಿಮಾತ್ರೆ. ಹೊಸದನ್ನು ಕಲಿಯುವ ಕೆಲವು ಪರೀಕ್ಷೆಗಳಲ್ಲಿ ವ್ಯತ್ಯಾಸ ಕಂಡಿತು, ಅದೂ ಚೆನ್ನಾಗಿ ಕಂಡಿದ್ದು 12 ವಾರ ಆದ ಮೇಲೆ. ನಿಮ್ಮ ಹತ್ತಿರ ಐದು ವಾರ ಇದೆ. ಅದು ದೊಡ್ಡವರ ಮೇಲೆ ಮಾಡಿದ್ದು, ಒಂದೇ ಗಿಡದ ಅಳತೆ ಮಾಡಿದ ಸಾರ. ಕೆಲವರಿಗೆ ಹೊಟ್ಟೆ ತೊಳಸುವುದು, ಭೇದಿ ಆಗುವುದೂ ಇದೆ. ಪರೀಕ್ಷೆಯ ಹಿಂದಿನ ದಿನ ಅದು ಯಾರಿಗೆ ಬೇಕು? ಸಿರಪ್ ಕೊಡಬೇಡಿ. ಒಂದೆಲಗದ ತಂಬುಳಿ ಬೇಕಾದರೆ ದಿನಾ ಮಾಡಿ. ಅದು ಊಟ, ಅದರಿಂದ ಅಂಕ ಬರಬೇಕು ಅಂತ ಯಾರೂ ಕೇಳುವುದಿಲ್ಲ. ರಾತ್ರಿ ಹತ್ತೂವರೆಗೆ ಮಲಗಿಸಿ, ನಿದ್ದೆಯಲ್ಲೇ ಓದಿದ್ದು ಗಟ್ಟಿಯಾಗುವುದು. ಆಶ್ಚರ್ಯ ಏನೆಂದರೆ, ರಾತ್ರಿ ನಿದ್ದೆ ಮಾಡುವುದರಲ್ಲಿ ಈ ಮೀನು ನಮ್ಮ ಹಾಗೇ. ನಿದ್ದೆಯ ಔಷಧಗಳನ್ನು ಇದರ ಮೇಲೆ ಜಾಲಾಡುವ ಲ್ಯಾಬುಗಳೇ ಬೇರೆ ಇವೆ.

ಕೊನೆಗೆ ಮೈದುನನ ಕಾರಣ. ಫಿಟ್ಸ್‌ಗೆ ಫೆನಿಟಾಯಿನ್ ಅನ್ನುವ ಹಳೆಯ ಮಾತ್ರೆ ಇದೆ, ತುಂಬಾ ಜನ ತೆಗೆದುಕೊಳ್ಳುತ್ತಾರೆ. ಅದನ್ನು ತೆಗೆದುಕೊಂಡು ಆರಾಮವಾಗಿದ್ದ ಇಬ್ಬರಿಗೆ ಇದ್ದಕ್ಕಿದ್ದಂತೆ ಮತ್ತೆ ಫಿಟ್ಸ್ ಬರತೊಡಗಿತು. ವಿಚಾರಿಸಿದರೆ ಇಬ್ಬರೂ ಶಂಖಪುಷ್ಪಿಯ ಸಿರಪ್ ಕುಡಿಯುತ್ತಿದ್ದರು. ಮುಂಬೈನ ಸಂಶೋಧಕರು ಇದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಕೆಲವು ದಿನ ಸಿರಪ್ ಜೊತೆಗೆ ಕೊಟ್ಟಾಗ ರಕ್ತದಲ್ಲಿ ಫೆನಿಟಾಯಿನ್ ಇಳಿಯಿತು, ಅದರ ಫಲವೂ ಇಳಿಯಿತು. 1992ರಲ್ಲಿ ಇದು ಪ್ರಕಟವಾಯಿತು. ತಮಾಷೆ ನೋಡಿ, ಒಂಟಿಯಾಗಿ ಕೊಟ್ಟಾಗ ಆ ಸಿರಪ್‌ಗೇ ಇಲಿಗಳಲ್ಲಿ ಫಿಟ್ಸ್ ತಡೆಯುವ ಗುಣ ಸ್ವಲ್ಪ ಇತ್ತು! ಅಂಗಡಿಯವರು ಹೇಳಿದ್ದರಲ್ಲಿ ಒಂದು ಎಳೆ ನಿಜ ಇರಬಹುದು, ಆದರೆ ಮಾತ್ರೆಯ ಪಕ್ಕದಲ್ಲಿ ಕೂತಾಗ ಅದು ಮಾತ್ರೆಯ ಕಾಲೆಳೆಯುತ್ತದೆ. ಚೆನ್ನೆಮಣೆಯ ಒಂದು ಗುಳಿಯಲ್ಲಿ ಒಂದೇ ಮೂಲಿಕೆ ಕೊಟ್ಟು ನೋಡುವ ಪ್ರಯೋಗದಲ್ಲಿ ಇದು ಕಾಣುವುದಿಲ್ಲ. ಎರಡನ್ನೂ ಸೇರಿಸಿ ಹಾಕಿ ನೋಡಬೇಕು, ಹಾಗೆ ನೋಡುವವರು ಕಡಿಮೆ.

ಮೈದುನ ತೆಗೆದುಕೊಳ್ಳುವುದು ಫೆನಿಟಾಯಿನ್ನೋ ಬೇರೆಯೋ ನೀವು ಬರೆದಿಲ್ಲ. ಯಾವುದೇ ಆಗಿರಲಿ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಯ ಚೀಟಿಯ ಜೊತೆ ಈ ಡಬ್ಬವನ್ನೂ ತೆಗೆದುಕೊಂಡು ಹೋಗಿ. ಮನೆಯಲ್ಲಿ ಬೇರೆ ಏನಾದರೂ ಲೇಹ್ಯ, ಚೂರ್ಣ ಕೊಡುತ್ತಿದ್ದರೆ ಅದನ್ನೂ. ಡಾಕ್ಟರ್ ಬೈಯುತ್ತಾರೆ ಅಂತ ಮುಚ್ಚಿಡುವುದು ನಮ್ಮಲ್ಲಿ ಜಾಸ್ತಿ. ಬೈದರೆ ಬೈಸಿಕೊಳ್ಳಿ. ಹತ್ತು ವರ್ಷ ಮಾತ್ರೆಯಲ್ಲೇ ಇರುವವರಿಗೆ, ಎಷ್ಟು ಸಮಯದಿಂದ ಫಿಟ್ಸ್ ಬಂದಿಲ್ಲ ಅಂತ ನೋಡಿ, ನಿಧಾನವಾಗಿ ಇಳಿಸುವ ಕ್ರಮ ನರರೋಗ ವೈದ್ಯರಲ್ಲೇ ಇದೆ. ಮಾತ್ರೆ ಬಿಡಬೇಕು ಅನ್ನುವ ಆಸೆ ಅವನಿಗಿದ್ದರೆ ಅದನ್ನು ಅಲ್ಲೇ ಬಾಯಿಬಿಟ್ಟು ಕೇಳಲಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಬೇಸಿಗೆಯಲ್ಲಿ ಗದ್ದೆಯ ಪಕ್ಕದ ತೊರೆಯಲ್ಲಿ ನೀಲಿ ಪಟ್ಟೆಯ ಸಣ್ಣ ಮೀನು ಕಂಡರೆ ತೋರಿಸಿ.